ಯೋಕ್ ಜಾರಿತು, ಬಣ್ಣದ ಗುಟ್ಟು ತಿಳಿಯಿತು: ಹಳೆಯ ಮಾನಿಟರ್ ಜೊತೆ ನನ್ನ ಅನುಭವ

ಆ ಮಾನಿಟರ್‌ಗೆ ಇದ್ದದ್ದು ಒಂದೇ ಕಾಯಿಲೆ. ಚಿತ್ರ ಸ್ವಲ್ಪ ಓರೆ. ಬಲಗಡೆ ಅರ್ಧ ಬೆರಳಿನಷ್ಟು ಇಳಿದಿತ್ತು. 17 ಇಂಚಿನ ಹಳೆಯ ಸಿಆರ್‌ಟಿ ಅದು, ಅಂದರೆ ದಪ್ಪ ಗಾಜಿನ ಪಿಕ್ಚರ್ ಟ್ಯೂಬ್ ಇರುವಂಥದ್ದು. ಟ್ಯೂಬಿನ ಕುತ್ತಿಗೆಗೆ ತೊಡಿಸಿದ, ಕಿರಣವನ್ನು ಬಾಗಿಸುವ ತಂತಿ ಸುರುಳಿಯೇ ಯೋಕ್ ಕಾಯಿಲ್. ಅದರ ಕ್ಲಾಂಪ್ ಸ್ಕ್ರೂ ಸಡಿಲಿಸಿ ತುಸು ತಿರುಗಿಸಿದರೆ ಆಯ್ತು ಅಂದುಕೊಂಡೆ. ಸ್ಕ್ರೂ ಸಡಿಲವಾಗಿದ್ದೇ ತಡ, ಯೋಕ್ ಹಿಂದಕ್ಕೆ ಜಾರಿತು. ಟ್ಯೂಬಿಗೂ ಅದಕ್ಕೂ ನಡುವೆ ಸಿಕ್ಕಿಸಿದ್ದ ರಬ್ಬರ್ ತುಂಡುಗಳಲ್ಲಿ ಎರಡು ಕಿತ್ತು ಕೈಗೆ ಬಂದವು. ಆನ್ ಮಾಡಿ ನೋಡಿದರೆ ಓರೆ ಹಾಗೇ ಇದೆ. ಅದರ ಮೇಲೆ, ಬಿಳಿ ಇರಬೇಕಾದ ಪರದೆಯ ಅಂಚಿನಲ್ಲೆಲ್ಲ ಒದ್ದೆ ಬಟ್ಟೆ ಬಣ್ಣ ಬಿಟ್ಟ ಹಾಗೆ ಗುಲಾಬಿ, ಹಸಿರು ಕಲೆಗಳು.

ಅಲ್ಲಿಯವರೆಗೆ ನನ್ನ ತಲೆಯಲ್ಲಿದ್ದ ಲೆಕ್ಕ ಸುಲಭದ್ದು. ಟ್ಯೂಬಿನ ಕುತ್ತಿಗೆಯೊಳಗೆ ಮೂರು ಗನ್ ಇರುತ್ತವೆ, ಕೆಂಪು ಗನ್ ಕೆಂಪು ಕಿರಣ ಬಿಡುತ್ತದೆ, ಹಸಿರಿನದು ಹಸಿರು, ನೀಲಿಯದು ನೀಲಿ. ಹಾಗಿದ್ದರೆ ಯೋಕ್ ಜಾರಿದಾಗ ಚಿತ್ರ ಜಾರಬೇಕಿತ್ತು. ಬಣ್ಣ ಯಾಕೆ ಕೆಟ್ಟಿತು?

ಒಂದು ಹನಿ ನೀರನ್ನು ಬೆರಳ ತುದಿಯಲ್ಲಿ ತೆಗೆದು ಪರದೆಗೆ ತಾಗಿಸಿ ನೋಡಿ. ಹನಿ ಭೂತಗನ್ನಡಿಯ ಕೆಲಸ ಮಾಡುತ್ತದೆ. ಬಿಳಿ ಅನ್ನೋದೇ ಅಲ್ಲಿ ಇರುವುದಿಲ್ಲ. ಕೆಂಪು, ಹಸಿರು, ನೀಲಿ ಚುಕ್ಕಿಗಳು ಮಾತ್ರ. ಹಳದಿ ಬಣ್ಣದ ಮೇಲೆ ಹನಿ ಇಟ್ಟರೆ ಕೆಂಪು ಮತ್ತು ಹಸಿರು ಚುಕ್ಕಿಗಳು ಹೊಳೆಯುತ್ತಿರುತ್ತವೆ, ನೀಲಿ ಚುಕ್ಕಿ ಆರಿರುತ್ತದೆ. ಬಣ್ಣ ಇರೋದು ಗಾಜಿನ ಒಳಮೈಗೆ ಬಳಿದ ಫಾಸ್ಫರ್‌ನಲ್ಲಿ, ಅಂದರೆ ಎಲೆಕ್ಟ್ರಾನ್ ಬಡಿದರೆ ಹೊಳೆಯುವ ಪುಡಿಯಲ್ಲಿ. ಗನ್‌ನಿಂದ ಬರುವುದು ಬರೀ ಎಲೆಕ್ಟ್ರಾನ್. ಅದಕ್ಕೆ ಬಣ್ಣವೇ ಇಲ್ಲ. ಮೂರು ಗನ್‌ಗಳಿಂದ ಬರೋದೂ ಒಂದೇ ಮಾಲು.

ಹಾಗಾದರೆ ‘ಕೆಂಪು ಗನ್’ ಕೆಂಪು ಚುಕ್ಕಿಗೇ ಹೊಡೆಯೋದು ಹೇಗೆ? ಪರದೆಯ ಹಿಂದೆ, ಸ್ವಲ್ಪವೇ ದೂರದಲ್ಲಿ, ಲಕ್ಷಾಂತರ ತೂತುಗಳಿರುವ ತೆಳು ಲೋಹದ ತಗಡು ಇರುತ್ತದೆ. ಶ್ಯಾಡೋ ಮಾಸ್ಕ್ ಅಂತಾರೆ. ಒಂದೇ ಕಿಂಡಿಯಿಂದ ಮೂರು ಜನ ಅಕ್ಕಪಕ್ಕ ನಿಂತು ಹೊರಗೆ ಇಣುಕಿದರೆ ಮೂವರಿಗೂ ಬೇರೆ ಬೇರೆ ಜಾಗ ಕಾಣುತ್ತದೆ ಅಲ್ವಾ? ಇಲ್ಲೂ ಅಷ್ಟೇ. ಮೂರು ಕಿರಣಗಳೂ ಒಂದೇ ತೂತಿನಲ್ಲಿ ನುಗ್ಗುತ್ತವೆ. ಆದರೆ ಬೇರೆ ಬೇರೆ ಕೋನದಿಂದ ಬರುವುದರಿಂದ ಒಂದೊಂದು ಒಂದೊಂದು ಚುಕ್ಕಿಗೆ ಬೀಳುತ್ತದೆ. ಉಳಿದ ಚುಕ್ಕಿಗಳು ಮಾಸ್ಕಿನ ನೆರಳಲ್ಲಿ ಇರುತ್ತವೆ.

ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. ಕಾರ್ಖಾನೆಯಲ್ಲಿ ಚುಕ್ಕಿಗಳನ್ನು ಮೂಡಿಸುವಾಗ ಅದೇ ಟ್ಯೂಬಿನ ಮಾಸ್ಕನ್ನೇ ಅಚ್ಚಾಗಿ ಬಳಸುತ್ತಿದ್ದರು. ಮುಂದೆ ಕಿರಣ ಎಲ್ಲಿಂದ ಬಾಗುತ್ತದೋ ಆ ಜಾಗದಲ್ಲಿ ದೀಪ ಇಟ್ಟು, ಮಾಸ್ಕಿನ ತೂತುಗಳ ಮೂಲಕ ಬೆಳಕು ಹಾಯಿಸುತ್ತಿದ್ದರು. ಬೆಳಕು ಬಿದ್ದಲ್ಲಿ ಫಾಸ್ಫರ್ ಗಟ್ಟಿಯಾಗಿ ಅಂಟಿಕೊಳ್ಳುತ್ತಿತ್ತು, ಉಳಿದದ್ದನ್ನು ತೊಳೆದುಬಿಡುತ್ತಿದ್ದರು. ಮೂರು ಬಣ್ಣಕ್ಕೆ ಮೂರು ಸಲ. ಕಿರಣವನ್ನು ಬಾಗಿಸುವುದು ಯೋಕ್. ಅದು ಹಿಂದೆ ಸರಿದರೆ ಕಿರಣ ಆ ದೀಪದ ಜಾಗದಿಂದ ಬಾಗುವುದೇ ಇಲ್ಲ. ತೂತಿನಲ್ಲಿ ತಪ್ಪು ಕೋನದಿಂದ ನುಗ್ಗಿ ಪಕ್ಕದ ಚುಕ್ಕಿಗೆ ಬೀಳುತ್ತದೆ. ನನ್ನ ಗುಲಾಬಿ ಕಲೆಗಳ ಕಥೆ ಇಷ್ಟೇ.

ಸರಿ ಮಾಡೋಕೆ ಕೂತೆ. ಇಂಥ ಟ್ಯೂಬಿನ ಆನೋಡ್‌ಗೆ, ಅಂದರೆ ಎಲೆಕ್ಟ್ರಾನ್‌ಗಳನ್ನು ಪರದೆಯತ್ತ ಸೆಳೆಯುವ ಭಾಗಕ್ಕೆ, ಸುಮಾರು 25,000 ವೋಲ್ಟ್ ಇರುತ್ತದೆ. ಆಫ್ ಮಾಡಿದ ಮೇಲೂ ಚಾರ್ಜ್ ಉಳಿಯುತ್ತದೆ. ಆದರೆ ಈ ಹೊಂದಾಣಿಕೆ ಮಾಡಬೇಕಿರುವುದು ಸೆಟ್ ಆನ್ ಇರುವಾಗಲೇ. ಕರೆಂಟ್ ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಹಾಯದಿರಲಿ ಅಂತ ಒಂದು ಕೈ ಜೇಬಿನಲ್ಲೇ ಇಟ್ಟುಕೊಂಡೆ. ಇದರ ಅಭ್ಯಾಸ ಇಲ್ಲದವರು ಕವರ್ ಬಿಚ್ಚಲೇಬೇಡಿ.

ಮೊದಲು ಅರ್ಧ ಗಂಟೆ ಸುಮ್ನೆ ಉರಿಯಲು ಬಿಟ್ಟೆ. ಬರುವ ಎಲೆಕ್ಟ್ರಾನ್‌ಗಳಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಮಾಸ್ಕಿಗೇ ಬಡಿಯುತ್ತವೆ. ಅದು ಬಿಸಿಯಾಗಿ ಕೂದಲೆಳೆಯಷ್ಟು ಉಬ್ಬುತ್ತದೆ. ತಣ್ಣಗಿದ್ದಾಗ ಹೊಂದಿಸಿದ್ದು ಬಿಸಿಯಾದ ಮೇಲೆ ನಿಲ್ಲುವುದಿಲ್ಲ. ಆಮೇಲೆ ಡಿಗಾಸ್ ಮಾಡಿದೆ, ಅಂದರೆ ಮಾಸ್ಕಿನಲ್ಲಿ ಉಳಿದ ಕಾಂತತೆಯನ್ನು ಅಳಿಸಿದೆ. ಪರದೆ ಪೂರ್ತಿ ಹಸಿರು ಬರಿಸಿದೆ, ಯಾಕೆಂದರೆ ನನ್ನ ಟ್ಯೂಬಿನಲ್ಲಿ ಸಾಲಾಗಿ ಕೂತ ಮೂರು ಗನ್‌ಗಳಲ್ಲಿ ನಡುವಿನದು ಹಸಿರು. ಯೋಕನ್ನು ಬೇಕೆಂದೇ ಇನ್ನಷ್ಟು ಹಿಂದಕ್ಕೆ ಎಳೆದೆ. ಈಗ ಹಸಿರು ಒಂದು ಕಡೆ ಮಾತ್ರ ಉಳಿಯಿತು, ಆಚೀಚೆ ಬೇರೆ ಬಣ್ಣ. ಕುತ್ತಿಗೆಯ ಮೇಲಿನ ಪ್ಯೂರಿಟಿ ರಿಂಗ್‌ಗಳನ್ನು (ಕಿರಣಗಳನ್ನು ತುಸು ಸರಿಸುವ ಕಾಂತದ ಬಳೆಗಳು) ತಿರುಗಿಸಿ ಆ ಹಸಿರನ್ನು ನಟ್ಟನಡುವೆ ತಂದೆ. ನಂತರ ಯೋಕನ್ನು ನಿಧಾನಕ್ಕೆ ಮುಂದೆ ತಳ್ಳುತ್ತಾ ಹೋದೆ. ಹಸಿರು ನಡುವಿನಿಂದ ಎರಡೂ ಕಡೆ ಹರಡುತ್ತಾ ಹೋಗಿ ಮೂಲೆ ಮುಟ್ಟಿತು. ಓರೆಯನ್ನೂ ಆಗಲೇ ತಿದ್ದಿ ಕ್ಲಾಂಪ್ ಬಿಗಿದೆ. ಕೆಂಪು, ನೀಲಿ ಒಂದೊಂದನ್ನೇ ಬರಿಸಿ ನೋಡಿದೆ. ಶುದ್ಧವಾಗಿದ್ದವು.

ಮುಂದಿನದು ಕನ್ವರ್ಜೆನ್ಸ್, ಜೀವ ತಿಂದ ಭಾಗ. ಮೂರು ಬಣ್ಣದ ಚಿತ್ರಗಳು ಒಂದರ ಮೇಲೊಂದು ಕೂರಬೇಕು. ಕಪ್ಪು ಪರದೆಯ ಮೇಲೆ ಬಿಳಿ ಗೆರೆಗಳ ಚೌಕುಳಿ ಹಾಕಿದರೆ, ಒಂದೊಂದು ಗೆರೆಯ ಪಕ್ಕದಲ್ಲೂ ಕೆಂಪು, ನೀಲಿ ಅಂಚು. ನಾಲ್ಕು ಧ್ರುವದ ರಿಂಗ್ ಜೋಡಿ ತಿರುಗಿಸಿದರೆ ಕೆಂಪು, ನೀಲಿ ಎದುರುಬದುರು ದಿಕ್ಕಿಗೆ ಸರಿಯುತ್ತವೆ. ಅವೆರಡನ್ನೂ ಸೇರಿಸಿ ನೇರಳೆ ಗೆರೆ ಮಾಡಿದೆ. ಆರು ಧ್ರುವದ ಜೋಡಿಯಿಂದ ಆ ನೇರಳೆಯನ್ನು ಹಸಿರಿನ ಮೇಲೆ ತಂದೆ. ನಡುಭಾಗ ಬೆಳ್ಳಗಾಯಿತು. ಮೂಲೆಗಳಿಗೆ ರಿಂಗ್ ನಾಟುವುದಿಲ್ಲ. ಅಲ್ಲಿ ಯೋಕಿನ ಮುಂಭಾಗವನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಚೂರೇ ಚೂರು ವಾಲಿಸಿ, ಸರಿ ಬಂದಲ್ಲಿ ರಬ್ಬರ್ ತುಂಡು ತುರುಕಬೇಕು. ಒಂದು ಮೂಲೆ ಸರಿಯಾದರೆ ಎದುರಿನದು ಕೆಡುತ್ತದೆ. ಎರಡು ಸಂಜೆ ಹೋದವು. ಕೆಳಗಿನ ಎಡ ಮೂಲೆಯಲ್ಲಿ ಕೆಂಪು ಗೆರೆ ಇವತ್ತಿಗೂ ಎಳೆಯಷ್ಟು ಹೊರಗಿದೆ. ಸಾಕಪ್ಪ ಅಂತ ಬಿಟ್ಟೆ. ಬಿಚ್ಚುವ ಮೊದಲೇ ಮಾರ್ಕರ್‌ನಲ್ಲಿ ಗುರುತು ಹಾಕಿದ್ದರೆ ಇದರಲ್ಲಿ ಅರ್ಧ ಕೆಲಸ ಇರುತ್ತಲೇ ಇರಲಿಲ್ಲ.

ಮಾನಿಟರನ್ನು ಜಾಗಕ್ಕೆ ಒಯ್ದು ಇನ್ನೊಂದು ದಿಕ್ಕಿಗೆ ಮುಖ ಮಾಡಿ ಇಟ್ಟೆ. ಮೂಲೆಯಲ್ಲಿ ಮತ್ತೆ ತೆಳು ಗುಲಾಬಿ! ಎದೆ ಧಸಕ್ ಅಂದಿತು. ಆಮೇಲೆ ಹೊಳೆಯಿತು. ದಿಕ್ಕು ಬದಲಾದಾಗ ಭೂಮಿಯ ಕಾಂತಕ್ಷೇತ್ರ ಕಿರಣವನ್ನು ಎಳೆಯುವ ರೀತಿಯೂ ಬದಲಾಗುತ್ತದೆ. ಡಿಗಾಸ್ ಬಟನ್ ಒತ್ತಿದೆ. ‘ಧಮ್’ ಅಂದಿತು, ಚಿತ್ರ ಒಮ್ಮೆ ನಡುಗಿತು, ಗುಲಾಬಿ ಹೋಯಿತು.