ಕಥೆಯಲ್ಲಿ ಸಂಕೇತ ತರೋದು ಹೇಗೆ: ಮೊದಲು ಅದಕ್ಕೊಂದು ಕೆಲಸ ಕೊಡಿ

ನಾನು ಬರೆದ ಮೊದಲ ಕಥೆಯಲ್ಲಿ ಅಜ್ಜ ಸಾಯುವ ಹೊತ್ತಿಗೆ ಸರಿಯಾಗಿ ಗಾಳಿ ಬೀಸಿ ದೇವರಮನೆ ದೀಪ ಆರಿಹೋಗುತ್ತದೆ. ಬರೆದಾಗ ನನಗೇ ಮೈ ಜುಮ್ ಅಂದಿತ್ತು. ಒಂದು ಪತ್ರಿಕೆಗೆ ಕಳಿಸಿದೆ. ಕಥೆ ವಾಪಸ್ ಬಂತು. ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದೇ ಸಾಲು: ‘ಈ ತಿಂಗಳಲ್ಲಿ ಇದು ನಾಲ್ಕನೇ ದೀಪ.’

ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಅದಕ್ಕಿಂತ ಒಳ್ಳೆ ಪಾಠ ನನಗೆ ಯಾರೂ ಹೇಳಿಕೊಡಲಿಲ್ಲ. ಆ ದೀಪ ಕಥೆಯೊಳಗೆ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ಅದನ್ನು ಯಾರೂ ಹಚ್ಚಿರಲಿಲ್ಲ, ಎಣ್ಣೆ ಯಾರೂ ಹಾಕಿರಲಿಲ್ಲ, ಆರೋದಕ್ಕಾಗಿಯೇ ಬಂದು ಕೂತಿತ್ತು. ಪಂಜರದ ಗಿಳಿ, ಬಾಡಿದ ಹೂವು, ಅಳುವಾಗ ಸುರಿಯುವ ಮಳೆ, ಮದುವೆ ಮುರಿದ ದಿನ ಒಡೆಯುವ ಕನ್ನಡಿ, ಎಲ್ಲವೂ ಇದೇ ಜಾತಿ. ಓದುಗರಿಗೆ ಅವುಗಳ ಅರ್ಥ ಮೊದಲೇ ಗೊತ್ತು, ಹಾಗಾಗಿ ಕಣ್ಣು ಆ ಸಾಲಿನ ಮೇಲೆ ನಿಲ್ಲೋದೇ ಇಲ್ಲ.

ಮೊದಲ ಸಲ ಬರೆಯುವಾಗ ಸಂಕೇತದ ಯೋಚನೆಯೇ ಬೇಡ. ಪ್ರತೀಕ, ಪ್ರತಿಮೆ, ರೂಪಕ ಅಂತ ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ಪಕ್ಕಕ್ಕಿಟ್ಟು ಸುಮ್ನೆ ಕಥೆ ಮುಗಿಸಿ. ಒಂದು ವಾರ ಬಿಡಿ. ಆಮೇಲೆ ಪೆನ್ಸಿಲ್ ಹಿಡಿದು ಓದುತ್ತಾ, ಎರಡು ಸಲಕ್ಕಿಂತ ಜಾಸ್ತಿ ತಾನಾಗೇ ಬಂದಿರುವ ವಸ್ತುಗಳಿಗೆ ಗೆರೆ ಹಾಕಿ. ಏನಾದರೂ ಇದ್ದೇ ಇರುತ್ತದೆ. ಬಾಗಿಲ ಚಿಲಕವೋ, ಗ್ಯಾಸ್ ಸಿಲಿಂಡರೋ, ಯಾರದೋ ಕೊಡೆಯೋ. ನಿಮಗೆ ಗೊತ್ತಿಲ್ಲದೆ ಕೈ ಅಲ್ಲಿಗೇ ಮತ್ತೆ ಮತ್ತೆ ಹೋಗಿದೆ ಅಂದರೆ ಅಲ್ಲೇನೋ ಇದೆ ಅಂತ ಅರ್ಥ. ಹೊರಗಿನಿಂದ ತಂದು ಅಂಟಿಸುವ ಬದಲು ಅದನ್ನೇ ಬೆಳೆಸಿ.

ನನ್ನದೇ ಉದಾಹರಣೆ ಕೊಡುತ್ತೇನೆ. ಇಬ್ಬರು ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವ ಕಥೆ. ತಾಯಿ ಸರೋಜಮ್ಮ ಇನ್ನೂ ಬದುಕಿದ್ದಾರೆ, ಅವರು ಯಾರ ಪಾಲಿಗೆ ಅನ್ನೋದನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿಲ್ಲ. ಗೆರೆ ಹಾಕುತ್ತಾ ಹೋದಾಗ ಸಿಕ್ಕಿದ್ದು ಒಂದು ಸ್ಟೀಲ್ ತಪ್ಪಲೆ. ನಮ್ಮ ಕಡೆ ಮದುವೆಗೆ, ಗೃಹಪ್ರವೇಶಕ್ಕೆ ಪಾತ್ರೆ ಕೊಡುವಾಗ ಅಂಗಡಿಯವರು ಗರ್ರ್ ಅಂತ ಮೆಷಿನ್ ಹಿಡಿದು ಚುಕ್ಕಿ ಚುಕ್ಕಿಯಾಗಿ ಹೆಸರು, ತಾರೀಖು ಹಾಕಿಕೊಡುತ್ತಾರಲ್ಲ, ಅಂಥದ್ದು. ಸರೋಜಮ್ಮನ ತವರಿನಿಂದ ಬಂದದ್ದು, ಕಂಠದ ಹತ್ತಿರ ಅವರ ಹೆಸರಿದೆ.

ಈ ತಪ್ಪಲೆ ಕಥೆಯಲ್ಲಿ ಮೂರು ಸಲ ಬರುತ್ತದೆ. ಮೊದಲನೇ ಸಲ ಅದರಲ್ಲಿ ಹಾಲು ಕಾಯುತ್ತಿದೆ, ಅಷ್ಟೇ. ಹೆಸರಿನ ವಿಷಯ ಅರ್ಧ ಸಾಲು, ಅದೂ ಸರೋಜಮ್ಮ ಪಾತ್ರೆ ತೊಳೆಯುವಾಗ. ಎರಡನೇ ಸಲ ಚಿಕ್ಕ ಸೊಸೆ ಅದರಲ್ಲಿ ಪಾಯಸ ತುಂಬಿ ಪಕ್ಕದ ಮನೆಗೆ ಕಳಿಸುತ್ತಾಳೆ, ನಾಲ್ಕು ದಿನವಾದರೂ ವಾಪಸ್ ಬರೋದಿಲ್ಲ, ಅದಕ್ಕೇ ಮನೆಯಲ್ಲಿ ಒಂದು ಸಣ್ಣ ಜಗಳ. ಜಗಳ ತಪ್ಪಲೆಯದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಮೂರನೇ ಸಲ ಪಾಲಿನ ದಿನ. ಆಗ ನಾನು ಮೊದಲು ಬರೆದದ್ದು ಹೀಗಿತ್ತು:

‘ತಪ್ಪಲೆಯ ಮೇಲಿನ ಹೆಸರು ಮಾಸಿದಂತೆಯೇ ಈ ಮನೆಯಲ್ಲಿ ತನ್ನ ಅಸ್ತಿತ್ವವೂ ಮಾಸಿಹೋಗಿದೆ ಎಂದು ಸರೋಜಮ್ಮನಿಗೆ ಅನ್ನಿಸಿತು.’

ಇದನ್ನು ಓದಿದರೆ ಈಗಲೂ ನಾಚಿಕೆಯಾಗುತ್ತದೆ. ಅಡುಗೆಮನೆಯಲ್ಲಿ ಕೂತಿರುವ ಯಾವ ಸರೋಜಮ್ಮನೂ ‘ಅಸ್ತಿತ್ವ’ ಅಂತ ಯೋಚಿಸೋದಿಲ್ಲ, ಅಲ್ವಾ? ಆಮೇಲೆ ಬರೆದದ್ದು:

‘ಸರೋಜಮ್ಮ ತಪ್ಪಲೆಯನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿದರು. “ಏನು ಬರೆದಿದೆ ನೋಡು” ಅಂತ ಮೊಮ್ಮಗನ ಕೈಗೆ ಕೊಟ್ಟರು. “ಓದೋಕಾಗಲ್ಲ ಅಜ್ಜಿ” ಅಂದ. ವಾಪಸ್ ಇಸ್ಕೊಂಡು ಎರಡು ರಾಶಿಗಳ ಮಧ್ಯೆ ಇಟ್ಟರು.’

ಎರಡನೆಯದರಲ್ಲಿ ನಾನು ಏನನ್ನೂ ವಿವರಿಸಿಲ್ಲ. ಬೂದಿ ಹಾಕಿ, ನಾರು ಹಾಕಿ ವರ್ಷಗಟ್ಟಲೆ ತಿಕ್ಕಿದ್ದಕ್ಕೆ ಹೆಸರು ಸವೆದಿದೆ. ತಿಕ್ಕಿದವರು ಅವರೇ. ಅದನ್ನೂ ಹೇಳಿಲ್ಲ, ಮೊದಲನೇ ಸಲ ಪಾತ್ರೆ ತೊಳೆದಿದ್ದು ಯಾರು ಅನ್ನೋದು ನೆನಪಿದ್ದವರಿಗೆ ಸಿಗುತ್ತದೆ, ಇಲ್ಲದವರಿಗೂ ಕಥೆ ನಿಲ್ಲೋದಿಲ್ಲ. ಮುಖ್ಯ ಅಂದರೆ ‘ಎರಡು ರಾಶಿಗಳ ಮಧ್ಯೆ’. ಆ ಮೂರು ಪದ ಸಿಗೋದಕ್ಕೆ ನನಗೆ ಎರಡು ತಿಂಗಳು ಬೇಕಾಯಿತು.

ಮೂರೇ ಸಲ ಯಾಕೆ ಅಂತ ಕೇಳಬಹುದು. ನಿಯಮವೇನಲ್ಲ. ಸಣ್ಣಕಥೆಯಲ್ಲಿ ಒಂದೇ ಸಲ ಬಂದರೆ ಅದು ಬರೀ ವಸ್ತು, ಐದಾರು ಸಲ ಬಂದರೆ ಲೇಖಕ ಮೊಣಕೈಯಲ್ಲಿ ತಿವಿದ ಹಾಗಾಗುತ್ತದೆ. ಎಷ್ಟು ಸಲ ಬಂದರೂ ಪ್ರತಿ ಸಲ ಅದರ ಸ್ಥಿತಿಯೋ ಜಾಗವೋ ಬದಲಾಗಿರಬೇಕು. ಹಾಲು ಕಾಯಿಸಿದ ತಪ್ಪಲೆಯಲ್ಲೇ ಮೂರೂ ಸಲ ಹಾಲು ಕಾಯಿಸಿದರೆ ಪ್ರಯೋಜನವಿಲ್ಲ.

ಕೆಲಸ ಮೊದಲು ಅಂದೆನಲ್ಲ, ಅದಕ್ಕೆ ಕನ್ನಡದಲ್ಲೇ ದೊಡ್ಡ ಉದಾಹರಣೆ ಇದೆ. 1965ರಲ್ಲಿ ಬಂದ ಅನಂತಮೂರ್ತಿಯವರ ‘ಸಂಸ್ಕಾರ’ದ ಹೆಣ. ಅದು ಏನೇನನ್ನು ಸಂಕೇತಿಸುತ್ತದೆ ಅಂತ ಪರೀಕ್ಷೆಗೆ ಪುಟಗಟ್ಟಲೆ ಬರೆದವರಿದ್ದೇವೆ. ಆದರೆ ಕಾದಂಬರಿಯಲ್ಲಿ ಆ ಹೆಣ ಮೊದಲು ಮಾಡುವ ಕೆಲಸ ತುಂಬಾ ಸರಳ: ಅದನ್ನು ಸುಡುವ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡುವ ಹಾಗಿಲ್ಲ. ಹಸಿವು, ನಾತ, ಯಾರು ಸುಡಬೇಕು ಅನ್ನುವ ತಕರಾರು. ಅರ್ಥವೆಲ್ಲ ಇದರ ಮೇಲೆ ಬೆಳೆದದ್ದು. ಸಂಕೇತ ಗಿಂಕೇತ ಒಂದೂ ಗೊತ್ತಿಲ್ಲದೆ ಓದುವವರಿಗೂ ಆ ಹೆಣ ಬಿಡೋದಿಲ್ಲ.

ನಿಮ್ಮದಕ್ಕೂ ಇದೇ ಪರೀಕ್ಷೆ ಮಾಡಿ. ಆ ವಸ್ತುವನ್ನು ಕಥೆಯಿಂದ ಎತ್ತಿ ಬಿಸಾಕಿದರೆ ಘಟನೆ ಏನಾದರೂ ಕೆಡುತ್ತದೆಯೇ? ಕೆಡದಿದ್ದರೆ ಅದು ಅಲಂಕಾರಕ್ಕೆ ಇಟ್ಟದ್ದು.

ಬೆಡಗಿನ ವಚನಗಳ ದಾರಿ ಬೇರೆ. ಅಲ್ಲಿ ಒಗಟಿನ ಹಾಗೆ ಬೀಗ ಹಾಕಿರುತ್ತಾರೆ, ಅದನ್ನು ಬಿಡಿಸೋದಕ್ಕೆ ಟೀಕೆ ಬರೆದವರೂ ಇದ್ದಾರೆ. ಅನುಭಾವ ಹೇಳೋದಕ್ಕೆ ಆ ಬೀಗ ಬೇಕಿತ್ತು. ನಮ್ಮ ಪಾಲಿನ ಜಗಳದ ಕಥೆಗೆ ಬೇಡ. ನಮಗೆ ಹತ್ತಿರದ್ದು ಧ್ವನಿಯ ಮಾತು, ಅಂದರೆ ಬಾಯಿ ಬಿಟ್ಟು ಹೇಳದೆ ಸೂಚಿಸುವ ಅರ್ಥ. ಒಂಬತ್ತನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಅದನ್ನು ವಿವರಿಸುವಾಗ ಅನುರಣನವನ್ನು ನೆನೆಯುತ್ತಾನೆ, ಗಂಟೆ ಬಾರಿಸಿದ ಮೇಲೆ ಉಳಿಯುವ ದನಿಯಂಥದ್ದು. ಗಂಟೆ ಬಾರಿಸಿದ ಮೇಲೆ ಕೈ ತೆಗೀಬೇಕು. ನಾವು ವಿವರಣೆಯ ಸಾಲು ಬರೆದು ಗಂಟೆಯನ್ನೇ ಹಿಡಿದುಕೊಳ್ಳುತ್ತೇವೆ. ತಿದ್ದುವಾಗ ‘ಅಂತೆಯೇ’, ‘ಹಾಗೆಯೇ ತನ್ನ ಬದುಕೂ’ ಅಂತ ಎಲ್ಲೆಲ್ಲಿ ಇದೆ ಹುಡುಕಿ ಕಿತ್ತು ಹಾಕಿ.

ಇನ್ನೊಂದು ವಿಷಯ, ಇದನ್ನು ಜನ ಬೇಗ ಮರೆಯುತ್ತಾರೆ. ಒಂದೇ ವಸ್ತು ಎಲ್ಲ ಮನೆಯಲ್ಲೂ ಒಂದೇ ಅಲ್ಲ. ಸ್ಟೀಲ್ ಲೋಟ ಅಂದ ತಕ್ಷಣ ನನಗೆ ಬಿಸಿ ಕಾಫಿ, ಅಮ್ಮ ನೆನಪಾಗಬಹುದು. ಊರಿನ ಹೋಟೆಲಿನಲ್ಲಿ ತನಗೆ ಬೇರೆ ಲೋಟ ಇಟ್ಟದ್ದನ್ನು ಕಂಡು ಬೆಳೆದ ದಲಿತ ಹುಡುಗನಿಗೆ ಅದೇ ಲೋಟ ಏನು? ಲೋಟ ಎತ್ತಿ ಕುಡಿಯುತ್ತಾರೋ ಕಚ್ಚಿ ಕುಡಿಯುತ್ತಾರೋ ಅನ್ನುವ ಒಂದು ಸಾಲಿನಲ್ಲೇ ಇಡೀ ಮನೆತನ ಕಾಣಿಸುತ್ತದೆ. ಕಾಗೆ ಇನ್ನೊಂದು. ಎಲ್ಲೆಲ್ಲೋ ಓದಿ ಅದನ್ನು ಅಪಶಕುನ ಅಂತ ತರುತ್ತೀರಿ, ನಮ್ಮಲ್ಲಿ ತಿಥಿಯ ದಿನ ಅದೇ ಕಾಗೆ ಪಿಂಡ ಮುಟ್ಟಲಿ ಅಂತ ಗಂಟೆಗಟ್ಟಲೆ ಕಾಯುತ್ತೇವೆ. ಈ ಎರಡೂ ಅರ್ಥ ಒಂದನ್ನೊಂದು ಎಳೆಯುವ ಜಾಗದಲ್ಲಿ ಕಾಗೆಯನ್ನು ಕೂರಿಸಿದರೆ ಸವಕಲು ಕಾಗೆಗೂ ಜೀವ ಬರುತ್ತದೆ. ಹಾಗಾಗಿ ವಸ್ತು ಆರಿಸಿದ ಮೇಲೆ, ಕಥೆಯ ಪ್ರತಿ ಪಾತ್ರಕ್ಕೂ ಅದು ಏನು ಅಂತ ಒಂದೊಂದು ಸಾಲು ಬರೆದುಕೊಳ್ಳಿ. ದೊಡ್ಡ ಮಗನಿಗೆ ಆ ತಪ್ಪಲೆ ಎರಡು ಕಿಲೋ ಸ್ಟೀಲ್. ಚಿಕ್ಕ ಸೊಸೆಗೆ ತನ್ನ ಮೇಲೆ ಬಂದ ಆರೋಪ. ಈ ಪಟ್ಟಿ ಕಥೆಗೆ ಹೋಗೋದಿಲ್ಲ, ಆದರೆ ಅವರು ಅದನ್ನು ಮುಟ್ಟುವ ರೀತಿ ಬದಲಾಗುತ್ತದೆ.

ಮುಗಿದ ಮೇಲೆ ಸಾಹಿತ್ಯದ ಗೆಳೆಯರಿಗೆ ತೋರಿಸಬೇಡಿ, ಅವರು ಸಂಕೇತ ಹುಡುಕುತ್ತಲೇ ಓದುತ್ತಾರೆ. ಬೇರೆಯವರಿಗೆ ಕೊಡಿ. ನಮ್ಮಮ್ಮ ಓದಿ ಕೇಳಿದ್ದು ಒಂದೇ: ‘ಅಷ್ಟಕ್ಕೂ ಆ ತಪ್ಪಲೆ ಯಾರಿಗೆ ಹೋಯ್ತು?’ ಸರೋಜಮ್ಮ ಎಲ್ಲಿಗೆ ಹೋದರು ಅಂತ ಕೇಳಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ತಲೆಬರಹದಲ್ಲಿ ಮಾತ್ರ ಎಡವಬೇಡಿ. ನನ್ನ ಕಥೆಗೆ ಮೊದಲು ‘ತಪ್ಪಲೆ’ ಅಂತಲೇ ಇಟ್ಟಿದ್ದೆ. ಹಾಗಿಟ್ಟರೆ ಮೊದಲ ಸಾಲಿನಿಂದಲೇ ಓದುಗರು ಹಾಲನ್ನು ಬಿಟ್ಟು ಪಾತ್ರೆಯನ್ನೇ ನೋಡುತ್ತಾರೆ. ಈಗ ‘ಭಾನುವಾರ’ ಅಂತಿದೆ, ಪಾಲು ಮಾಡಲು ಎಲ್ಲರಿಗೂ ರಜೆ ಸಿಕ್ಕಿದ್ದು ಅವತ್ತೇ.