ಲೈಟ್ ಆರಿಸಿದ ಮೇಲೆ ಕಾಣುವ ಹೆಜ್ಜೆ

ವಿಜಯಪುರದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ಕುಬಸ, ಪಾಸ್‌ಪೋರ್ಟ್ ಸೈಜ್ ಫೋಟೋ, ಇದೇ ದಿನದ ಕೆಲಸ. ಪಂಚನಾಮೆಗೆ ಅಂತ ಪೊಲೀಸರು ಕರೆದರೆ ಅಲ್ಲಿಗೂ ಹೋಗುತ್ತೇನೆ. ಹಾಗೆ ಹೋಗ್ತಾ ಹೋಗ್ತಾ ಬೂಟು, ಚಪ್ಪಲಿ ಗುರುತಿನ ಫೋಟೋ ತೆಗೆಯುವುದನ್ನು ಕಲಿತೆ.

ಮೊದಲ ಸಲ ಕೆಡಿಸಿದೆ. ಅದು ಜೋಳ ಬೀಸುವ ಗಿರಣಿ. ರಾತ್ರಿ ಯಾರೋ ಗಲ್ಲಾ ಒಡೆದಿದ್ದರು. ಶಹಾಬಾದ್ ಕಲ್ಲಿನ ನೆಲ, ಮೇಲೆ ಹಿಟ್ಟಿನ ತೆಳು ಪದರ, ಅದರಲ್ಲಿ ಒಂದು ಬೂಟಿನ ಗುರುತು. ಬಾಗಿಲ ಕಡೆಯಿಂದ ಓರೆಯಾಗಿ ನೋಡಿದರೆ ಹಿಮ್ಮಡಿಯ ಗೆರೆಗಳೂ ಎಣಿಸುವಷ್ಟು ಸ್ಪಷ್ಟ. ನಾನು ನೇರ ಮೇಲೆ ನಿಂತು ಫ್ಲಾಶ್ ಹಾಕಿ ನಾಲ್ಕು ಫೋಟೋ ತೆಗೆದೆ. ಸ್ಟುಡಿಯೋಗೆ ಬಂದು ಕಂಪ್ಯೂಟರ್‌ನಲ್ಲಿ ನೋಡಿದರೆ ಬರೀ ಬಿಳಿ ಮಬ್ಬು. ಮತ್ತೆ ಹೋಗುವಷ್ಟರಲ್ಲಿ ನೆಲ ಗುಡಿಸಿ ಗಿರಣಿ ಶುರು ಮಾಡಿದ್ದರು. ಒಬ್ಬರ ದುಡಿಮೆಯ ದುಡ್ಡು ಹೋಗಿತ್ತು, ಇದ್ದ ಒಂದು ಗುರುತನ್ನೂ ನಾನು ಹಿಡಿಯಲಿಲ್ಲ. ಆ ಬೇಸರ ಇನ್ನೂ ಇದೆ.

ಆಮೇಲೆ ಮನೆಯಲ್ಲೇ ಕಲಿಯಲು ಕೂತೆ. ಪಡಸಾಲೆಯ ಕಲ್ಲಿನ ಮೇಲೆ ಹಿಟ್ಟು ಉದುರಿಸುವುದು, ಚಪ್ಪಲಿ ಹಾಕಿಕೊಂಡು ತುಳಿಯುವುದು, ರಾತ್ರಿ ಲೈಟ್ ಆರಿಸಿ ಟಾರ್ಚ್ ಹಿಡಿಯುವುದು. ಮೇಲಿನಿಂದ ಬೆಳಕು ಬಿದ್ದರೆ ಕಲ್ಲೂ ಹೊಳೆಯುತ್ತದೆ, ಹಿಟ್ಟೂ ಹೊಳೆಯುತ್ತದೆ, ಎರಡಕ್ಕೂ ವ್ಯತ್ಯಾಸವೇ ಉಳಿಯಲ್ಲ. ಅದೇ ಟಾರ್ಚನ್ನು ನೆಲಕ್ಕೆ ತಾಗುವ ಹಾಗೆ, ಹತ್ತು ಡಿಗ್ರಿಯಷ್ಟು ಓರೆಯಲ್ಲಿ ಹಿಡಿಯಿರಿ. ನುಣುಪಾದ ಕಲ್ಲಿಗೆ ಬಿದ್ದ ಬೆಳಕು ಜಾರಿ ಆಚೆ ಹೋಗುತ್ತದೆ, ಕಲ್ಲು ಕಪ್ಪಾಗುತ್ತದೆ. ಹಿಟ್ಟಿನ ಕಣಗಳು ಮಾತ್ರ ಬೆಳಕನ್ನು ಚೆದುರಿಸಿ ಮೇಲಿನ ಕ್ಯಾಮೆರಾಕ್ಕೆ ಕಳಿಸುತ್ತವೆ. ಆಗ ಕಪ್ಪು ನೆಲದ ಮೇಲೆ ಬಿಳಿ ಹೆಜ್ಜೆ ಎದ್ದು ಬರುತ್ತದೆ. ಅದನ್ನು ಮೊದಲ ಸಲ ನೋಡಿದಾಗ ಮನೆಯವರನ್ನೆಲ್ಲ ಕೂಗಿ ಕರೆದು ತೋರಿಸಿದ್ದೆ!

ಹಾಗಾಗಿ ಈಗ ಎಲ್ಲಿ ಹೋದರೂ ನನ್ನ ಮೊದಲ ಮಾತು, "ಸರ್, ಕಿಟಕಿ ಮುಚ್ಚಸ್ರಿ, ಲೈಟ್ ಆರಸ್ರಿ." ಒಮ್ಮೆ ಒಬ್ಬ ಹೊಸ ಕಾನ್‌ಸ್ಟೇಬಲ್, "ಕತ್ತಲ್ಯಾಗ ಎಂಥಾ ಫೋಟೋರಿ ಅಣ್ಣಾ?" ಅಂತ ಕೇಳಿದರು. ಅವರ ಕೈಗೇ ಟಾರ್ಚ್ ಕೊಟ್ಟೆ. ನೆಲದ ಗುಂಟ ಬೆಳಕು ಬಿಟ್ಟ ತಕ್ಷಣ ಅವರು ತಮ್ಮ ಕಾಲು ಹಿಂದಕ್ಕೆ ಎಳೆದುಕೊಂಡರು. ಏನೂ ಇಲ್ಲ ಅಂದುಕೊಂಡಿದ್ದ ಜಾಗದಲ್ಲಿ ಮೂರು ಹೆಜ್ಜೆ ಇದ್ದವು.

ಟಾರ್ಚನ್ನು ನಾಲ್ಕೈದು ಅಡಿ ದೂರ ಇಡುತ್ತೇನೆ. ಹತ್ತಿರ ಇಟ್ಟರೆ ಹಿಮ್ಮಡಿ ಸುಟ್ಟ ಹಾಗೆ ಬೆಳ್ಳಗೆ, ಬೆರಳಿನ ಕಡೆ ಕತ್ತಲು. ಒಂದು ಕಡೆಯಿಂದ ತೆಗೆದು ಮುಗಿಸಬೇಡಿ. ಬೆಳಕಿನ ದಿಕ್ಕಿಗೇ ಓಡುವ ಗೆರೆಗಳಿಗೆ ನೆರಳೇ ಬೀಳಲ್ಲ, ಅವು ಕಾಣೋದೂ ಇಲ್ಲ. ನಾಲ್ಕು ದಿಕ್ಕಿನಿಂದಲೂ ಬೆಳಕು ಬಿಟ್ಟು ತೆಗೆಯಬೇಕು, ಕ್ಯಾಮೆರಾ ಮಾತ್ರ ಒಂದಿಂಚೂ ಅಲುಗಬಾರದು.

ಕ್ಯಾಮೆರಾ ಟ್ರೈಪಾಡ್ ಮೇಲೆ, ನೆಲಕ್ಕೆ ಸರಿಯಾಗಿ ಸಮಾನಾಂತರ. ಗೌಂಡಿಗಳು ಬಳಸುವ ರಸಮಟ್ಟವನ್ನೇ ಕ್ಯಾಮೆರಾ ಬೆನ್ನಿಗೆ ಹಿಡಿದು ನೋಡುತ್ತೇನೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8 ಅಥವಾ 11, ಫೋಕಸ್ ಕೈಯಿಂದಲೇ, ಕ್ಲಿಕ್ ರಿಮೋಟ್‌ನಿಂದ. ವೈಡ್ ಲೆನ್ಸ್ ಬೇಡ, ಅಂಚಿನಲ್ಲಿ ಆಕಾರ ಎಳೆದು ಕೆಡಿಸುತ್ತದೆ. ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್, ಇರಲೇಬೇಕು.

ಹೊರಗಿನ ಮಣ್ಣಿನ ಗುರುತು ಬೇರೆಯೇ ವಿಷಯ. ಹಸಿ ಎರಿ ಮಣ್ಣಿನಲ್ಲಿ ಕಾಲು ಆಳಕ್ಕೆ ಇಳಿದಿರುತ್ತದೆ. ಅಲ್ಲಿ ಟಾರ್ಚ್ ಪೂರ್ತಿ ಮಲಗಿಸಿದರೆ ಗುಂಡಿಯೆಲ್ಲ ನೆರಳೇ ತುಂಬುತ್ತದೆ, ಸ್ವಲ್ಪ ಎತ್ತಬೇಕು. ಬಿಸಿಲಿಗೆ ಕೊಡೆ ಹಿಡಿಸಿ ನೆರಳು ಮಾಡಿಕೊಂಡೇ ತೆಗೆಯುತ್ತೇನೆ.

ಗುರುತಿನ ಅಳತೆ ಸಿಗಲಿ ಅಂತ ಫೋಟೋದಲ್ಲಿ ಪಕ್ಕಕ್ಕೆ ಒಂದು ಸ್ಕೇಲ್ ಇಡುತ್ತೇವೆ, ಅದನ್ನು ಇಡುವುದರಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ಗುರುತು ಎರಡು ಸೆಂಟಿಮೀಟರ್ ಆಳ ಇದೆ, ನೀವು ಸ್ಕೇಲನ್ನು ಮೇಲಿನ ಮಣ್ಣಿನ ಮೇಲೆ ಇಟ್ಟಿರಿ ಅನ್ನೋಣ. ಕ್ಯಾಮೆರಾ ಒಂದು ಮೀಟರ್ ಎತ್ತರದಲ್ಲಿದ್ದರೆ, ಕ್ಯಾಮೆರಾಕ್ಕೆ ಹತ್ತಿರ ಇರುವ ಸ್ಕೇಲ್ ಶೇಕಡಾ 2ರಷ್ಟು ದೊಡ್ಡದಾಗಿ ಕಾಣುತ್ತದೆ. ಅದರ ಲೆಕ್ಕದಲ್ಲಿ ಅಳೆದರೆ 28 ಸೆಂಟಿಮೀಟರ್ ಬೂಟು ಐದಾರು ಮಿಲಿಮೀಟರ್ ಗಿಡ್ಡ ಆಗುತ್ತದೆ. ನಮ್ಮ ಅಂಗಡಿಗಳಲ್ಲಿ ಬರುವ ಒಂದು ನಂಬರಿಗೂ ಇನ್ನೊಂದು ನಂಬರಿಗೂ ಇರುವ ಅಂತರವೇ ಸುಮಾರು ಎಂಟೂವರೆ ಮಿಲಿಮೀಟರ್. ಅಂದರೆ ಅರ್ಧ ನಂಬರಿಗಿಂತ ಜಾಸ್ತಿ ತಪ್ಪು, ಅದೂ ಸುಮ್ನೆ ಸ್ಕೇಲ್ ಇಟ್ಟ ಜಾಗದಿಂದ. ಗುರುತಿನ ಪಕ್ಕ ಮಣ್ಣನ್ನು ಹುಷಾರಾಗಿ ಕೆರೆದು, ಗುರುತಿನ ತಳದ ಮಟ್ಟಕ್ಕೇ ಸ್ಕೇಲ್ ಇಳಿಸಿ. ಫೋಕಸ್ ಕೂಡ ತಳಕ್ಕೇ.

ಫೋಟೋ ಎಲ್ಲ ಮುಗಿದ ಮೇಲೆಯೇ ಅಚ್ಚು. ಹಲ್ಲಿನ ಡಾಕ್ಟರ್ ಬಳಸುವ ಡೆಂಟಲ್ ಸ್ಟೋನ್ ಪುಡಿಯನ್ನು ನೀರಲ್ಲಿ ಕಲಸಿ ಪೊಲೀಸರ ಸಿಬ್ಬಂದಿ ಗುರುತಿನೊಳಗೆ ಹುಯ್ಯುತ್ತಾರೆ. ಅಚ್ಚು ಎತ್ತಿದರೆ ಗುರುತು ಹೋಯಿತು ಅಂತಲೇ ಲೆಕ್ಕ, ಅದಕ್ಕೇ ಈ ಸರದಿ ತಪ್ಪಬಾರದು.

ನಮ್ಮ ಭಾಗದ ಇನ್ನೊಂದು ಮಾತು ಹೇಳಲೇಬೇಕು. ಅಥಣಿ ಕಡೆ ಕೈಯಲ್ಲಿ ಹೊಲಿಯುವ ಕೊಲ್ಹಾಪುರಿ ಚಪ್ಪಲಿ ಇಲ್ಲಿ ಇವತ್ತಿಗೂ ಜನ ಹಾಕುತ್ತಾರೆ. ಈ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ (ಇಂಥ ಊರಿನದೇ ವಸ್ತು ಅನ್ನುವ ಭೌಗೋಳಿಕ ಗುರುತು) ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಕಾರ್ಖಾನೆಯ ಹವಾಯಿ ಚಪ್ಪಲಿಗೆ ಅಚ್ಚಿನ ಡಿಸೈನ್ ಇರುತ್ತದೆ, ಅದೇ ಡಿಸೈನ್ ಸಾವಿರಾರು ಕಾಲುಗಳಲ್ಲಿ ಇರುತ್ತದೆ. ಅಲ್ಲಿ ಸವೆತ, ಕೊಯ್ದ ಗಾಯ, ಸಿಕ್ಕಿಕೊಂಡ ಹರಳು ಇವುಗಳನ್ನೇ ಹುಡುಕಬೇಕು. ಕೈಹೊಲಿಗೆಯ ತೊಗಲಿನ ಅಟ್ಟೆಗೆ ಡಿಸೈನೇ ಇಲ್ಲ, ಮೇಲುನೋಟಕ್ಕೆ ಸಪಾಟು ಕಲೆ ಅಷ್ಟೇ. ಆದರೆ ಟಾರ್ಚ್ ಮಲಗಿಸಿದರೆ ಅಂಚಿನಲ್ಲಿ ತೊಗಲಿನ ದಾರದ ಹೊಲಿಗೆ ಒಂದೊಂದಾಗಿ ಕಾಣುತ್ತದೆ. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಒಂದು ಕಡೆ ಸವೆದು ಮಾಯ. ಕೈಯಿಂದ ಹಾಕಿದ ಹೊಲಿಗೆ ಎರಡು ಚಪ್ಪಲಿಯಲ್ಲಿ ಒಂದೇ ತರ ಬರೋದು ಕಷ್ಟ, ಅಲ್ವಾ? ಹಾಗಾಗಿ "ಇದರಾಗ ಏನೂ ಇಲ್ಲ ಬಿಡ್ರಿ" ಅಂದರೂ ನಾನು ಇಂಥ ಗುರುತನ್ನು ಬಿಡಲ್ಲ.

2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನು ಬಂದ ಮೇಲೆ ಏಳು ವರ್ಷ ಅಥವಾ ಜಾಸ್ತಿ ಶಿಕ್ಷೆ ಇರುವ ಪ್ರಕರಣಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅನ್ನುವ ನಿಯಮ ಇದೆ. ಡಿಜಿಟಲ್ ಫೈಲ್ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ನಂಬರ್ ಕೂಡ ಬರೆಯಬೇಕು. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ, ಫೈಲ್ ಸ್ವಲ್ಪ ಬದಲಾದರೂ ಆ ನಂಬರ್ ಬದಲಾಗುತ್ತದೆ. ಅದಕ್ಕೇ ಕೆಟ್ಟ ಫೋಟೋವನ್ನೂ ಅಳಿಸಲ್ಲ. ಮೂಲ ಫೈಲ್ ಮುಟ್ಟಲ್ಲ, ಬೆಳಕು ಹೆಚ್ಚು ಕಡಿಮೆ ಮಾಡಬೇಕಾದರೆ ಕಾಪಿಯಲ್ಲಿ.

ಇದೇ ಬೂಟು ಹೌದೋ ಅಲ್ಲವೋ ಅಂತ ನನ್ನನ್ನು ಕೇಳುವವರು ಇರುತ್ತಾರೆ. ನಾನು ಹೇಳಲ್ಲ. ಅದನ್ನು ಬೆಳಗಾವಿಯ ವಿಧಿವಿಜ್ಞಾನ ಲ್ಯಾಬಿನಂಥ ಕಡೆ ಕೂತ ತಜ್ಞರು, ಗುರುತನ್ನೂ ಬೂಟನ್ನೂ ಒಂದೇ ಅಳತೆಯಲ್ಲಿ ಪಕ್ಕಪಕ್ಕ ಇಟ್ಟು ಹೇಳಬೇಕು. ಮತ್ತೆ, ನಾನು ತಲುಪುವ ಮೊದಲೇ ಗುರುತು ಕಂಡರೆ ಅದರ ಮೇಲೆ ಒಂದು ಬುಟ್ಟಿ ಬೋರಲು ಹಾಕಿಡಿ. ಅಂಚು ಗುರುತಿಗೆ ತಾಗಬಾರದು, ಅಷ್ಟು ನೋಡಿಕೊಳ್ಳಿ.