ಆರಾಧನೆ ಮುಗಿದ ಮೇಲೆ ಬಿಪಿ ನೋಡುವವರಿಗೆ

ಬಿಪಿ ನೋಡುವ ಮೇಜನ್ನು ಚರ್ಚಿನ ಬಾಗಿಲ ಬಳಿ ಹಾಕಬೇಡಿ. ಎಲ್ಲರ ಕಣ್ಣಿಗೆ ಬೀಳಲಿ ಎಂದು ಹಿರಿಯರು ಅಲ್ಲೇ ಹಾಕಿಸುತ್ತಾರೆ, ನಾನು ಪ್ರತಿ ಸಲ ಒಳಗಿನ ಕೋಣೆಗೆ ಎಳೆದುಕೊಂಡು ಹೋಗುತ್ತೇನೆ. ಬಾಗಿಲಲ್ಲಿ ಮಾತು, ನಗು, ಕೈಕುಲುಕುವುದು ನಿಲ್ಲುವುದಿಲ್ಲ. ಮಾತಾಡುತ್ತಾ ಕೂತವರ ಬಿಪಿ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಮೇಲಾಗಿ, ತಮ್ಮ ಅಂಕಿ ಪಕ್ಕದವರ ಕಿವಿಗೆ ಬೀಳುವುದು ಯಾರಿಗೂ ಇಷ್ಟವಿಲ್ಲ.

ಬೆನ್ನಿಗೆ ಆಸರೆಯಿರುವ ಕುರ್ಚಿ, ನೆಲಕ್ಕೆ ಊರಿದ ಪಾದ, ಎದೆಯ ಮಟ್ಟದಲ್ಲಿ ಒರಗಿದ ಕೈ. ಕಾಲ ಮೇಲೆ ಕಾಲು ಬೇಡ. ಮೂತ್ರಕ್ಕೆ ಹೋಗಬೇಕಿದ್ದರೆ ಮೊದಲು ಹೋಗಿ ಬರಲಿ. ಅರ್ಧ ಗಂಟೆಯೊಳಗೆ ಕಾಫಿ ಕುಡಿದಿದ್ದರೆ ಕೊನೆಯಲ್ಲಿ ಕರೆಯಿರಿ. ಐದು ನಿಮಿಷ ಸುಮ್ಮನೆ ಕೂರಿಸುವುದೇ ಕಷ್ಟದ ಕೆಲಸ; "ಅಮ್ಮಾ, ಮನಸ್ಸಿನಲ್ಲೇ ಪ್ರಾರ್ಥನೆ ಮಾಡಿಕೊಳ್ಳಿ" ಅಂದರೆ ಹೆಚ್ಚಿನವರು ಬಾಯಿ ಮುಚ್ಚುತ್ತಾರೆ.

ಭಾನುವಾರದ ಉಡುಪು ಇನ್ನೊಂದು ತೊಡಕು. ಬಿಪಿ ಯಂತ್ರದ ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತಬಾರದು. ಬಟ್ಟೆಯ ಬಿಗಿ ತೋಳನ್ನು ಮಡಚಿ ಏರಿಸಿದರೆ ಅದೂ ಕೈಯನ್ನು ಅಮುಕುತ್ತದೆ, ಒಂದು ಕಡೆಯ ತೋಳನ್ನು ಪೂರ್ತಿ ಕಳಚಿಸಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿಯೂ ಬಂದುಬಿಡುತ್ತದೆ. ಹಾಗಾಗಿ ದೊಡ್ಡ ಪಟ್ಟಿಯೊಂದನ್ನು ಸಭೆಯ ಹಣದಲ್ಲಿ ಕೊಳ್ಳಲೇಬೇಕು. ಸ್ತನದ ಆಪರೇಷನ್‌ನಲ್ಲಿ ಕಂಕುಳ ಗಂಟು ತೆಗೆಸಿಕೊಂಡವರಿಗೆ ಆ ಕಡೆಯ ಕೈ ಬಿಡಿ. ಡಯಾಲಿಸಿಸ್‌ಗೆ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿಸಿದ ಕೈಯೂ ಬೇಡ. ಮೊದಲ ಸಲ ಬಂದವರಿಗೆ ಎರಡೂ ಕೈ ನೋಡಿ, ಹೆಚ್ಚು ಬಂದ ಕೈಯಲ್ಲಿ ಒಂದು ನಿಮಿಷ ಬಿಟ್ಟು ಮತ್ತೆ ನೋಡಿ.

140/90 ದಾಟಿದೆ ಅನ್ನಿ. "ನಿಮಗೆ ಬಿಪಿ ಇದೆ" ಎನ್ನಬೇಡಿ. ಅದನ್ನು ಹೇಳುವವರು ಡಾಕ್ಟರು, ಅದೂ ಬೇರೆ ಬೇರೆ ದಿನ ನೋಡಿದ ಮೇಲೆ. 1984ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಲೂಥರನ್ ಪಾದ್ರಿ ಗ್ರ್ಯಾಂಜರ್ ವೆಸ್ಟ್‌ಬರ್ಗ್ ಸಭೆಗಳಿಗೆ ನರ್ಸ್‌ಗಳನ್ನು ಜೋಡಿಸಿದಾಗಲೂ ಅವರ ಪಾಲಿಗೆ ಬಂದದ್ದು ತಿಳಿಹೇಳುವುದು, ಕಿವಿಗೊಡುವುದು, ಸರಿಯಾದ ಕಡೆ ಕಳಿಸುವುದು. ಒಂದು ಚೀಟಿಯಲ್ಲಿ ದಿನಾಂಕ, ಹೊತ್ತು, ಯಾವ ಕೈ, ಎರಡೂ ಅಂಕಿ ಬರೆದು ಕೊಡಿ. "ಡಾಕ್ಟರನ್ನು ಕಾಣಿ" ಅಂದರೆ ಯಾರೂ ಹೋಗುವುದಿಲ್ಲ, "ಯಾವತ್ತು ಹೋಗ್ತೀರಿ, ಜೊತೆಗೆ ಯಾರು ಬರ್ತಾರೆ?" ಎಂದು ಕೇಳಿ, ಮುಂದಿನ ಭಾನುವಾರ ವಿಚಾರಿಸಿ.

180/120 ದಾಟಿದ್ದು, ಜೊತೆಗೆ ಎದೆನೋವು, ಉಸಿರುಗಟ್ಟುವಿಕೆ, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ದೃಷ್ಟಿ ಮಂಜಾಗುವುದು ಇವುಗಳಲ್ಲಿ ಒಂದಿದ್ದರೂ ತಕ್ಷಣ ಆಂಬುಲೆನ್ಸ್. ಈ ಲಕ್ಷಣಗಳಿದ್ದರೆ ಅಂಕಿ ಕಡಿಮೆ ಬಂದರೂ ಕಾಯಬೇಡಿ, ಪಾಸ್ಟರ್ ಬಂದು ಪ್ರಾರ್ಥಿಸಲಿ ಎಂದು ಕೂರಿಸಿಕೊಳ್ಳಲೂ ಬೇಡಿ. ಲಕ್ಷಣವೇನೂ ಇಲ್ಲದಿದ್ದರೆ ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿ. ಇಳಿಯದಿದ್ದರೆ ಅವತ್ತೇ ಡಾಕ್ಟರ ಹತ್ತಿರ.

"ಪ್ರಾರ್ಥನೆ ಮಾಡಿದೆ, ವಾಸಿಯಾಯಿತು, ಮಾತ್ರೆ ಬಿಟ್ಟೆ" ಎನ್ನುವವರು ಬಂದೇ ಬರುತ್ತಾರೆ. ವಾದಕ್ಕಿಳಿಯಬೇಡಿ, ಪಟ್ಟಿ ಕಟ್ಟಿ. ಬಿಪಿಗೆ ನೋವಿಲ್ಲವಾದ್ದರಿಂದ ಹೋಯಿತೆಂದೇ ಅನ್ನಿಸುತ್ತದೆ. ಅಂಕಿ ನಾರ್ಮಲ್ ಬಂದರೆ ಅದು ಇನ್ನೂ ಮಾತ್ರೆಯ ಕೆಲಸವಿರಬಹುದು. ಬಿಡುವುದಿದ್ದರೆ ಡಾಕ್ಟರನ್ನು ಕೇಳಿಯೇ ಬಿಡಲಿ. ಇಂಥ ಮಾತು ಪಾಸ್ಟರ್ ಬಾಯಲ್ಲಿ ಬಂದರೆ ಇನ್ನೂ ನಾಟುತ್ತದೆ, ಮೊದಲೇ ಅವರೊಂದಿಗೆ ಕೂತು ಮಾತಾಡಿ. ಉಪವಾಸವೆಂದು ಮಾತ್ರೆ ಬಿಡುವವರಿಗೂ ಇದೇ ಎಚ್ಚರಿಕೆ ಬೇಕು.

ಹೆಸರು, ಅಂಕಿ ಬರೆದ ಪುಸ್ತಕ ಬೀಗದೊಳಗಿರಲಿ. ಅವರೇ ಕೇಳಿಕೊಳ್ಳದ ಹೊರತು ಪ್ರಾರ್ಥನಾ ವಿಷಯಗಳ ಪಟ್ಟಿಯಲ್ಲಿ ಯಾರ ಬಿಪಿಯೂ ಬರಕೂಡದು.